ಗೃಹಸ್ಥರ ವಿಚಾರ: ಹೊಳೆಯ ನೀರೂ ಮನೆಯ ವಿಮೆಯೂ

ಗೃಹಸ್ಥನು ಮನೆಯನ್ನು ಕಟ್ಟಿಸುವಾಗ ನೂರು ಸಂಗತಿಗಳನ್ನು ವಿಚಾರಿಸುತ್ತಾನೆ. ಆಯವನ್ನು ನೋಡಿಸುತ್ತಾನೆ, ಬಾಗಿಲಿನ ದಿಕ್ಕನ್ನು ಗೊತ್ತುಪಡಿಸುತ್ತಾನೆ, ಗವಂಡಿಯೊಡನೆ ಕಲ್ಲು, ಉಸುಕು, ಸಿಮೆಂಟುಗಳ ಲೆಕ್ಕವನ್ನು ಪೈಸೆಯವರೆಗೂ ಮಾಡುತ್ತಾನೆ. ಆದರೆ ಕಟ್ಟಿದ ಮನೆಯೊಳಗೆ ಒಂದು ರಾತ್ರಿ ಹೊಳೆಯು ಹೊಕ್ಕರೆ ಅದನ್ನು ಮರಳಿ ನಿಲ್ಲಿಸಲು ಹಣವು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಬಹುಜನರು ಕೇಳಿಕೊಳ್ಳುವದಿಲ್ಲ. ನೀರು ಬಂದ ಮೇಲೆ ಕೇಳುವವರು ಬಹಳ. ಬರುವ ಮೊದಲು ಕೇಳುವವರು ವಿರಳ. ಆದಕಾರಣ ಈ ತಿಂಗಳು ನಾವು ಮಹಾಪೂರದ ವಿಮೆಯ ವಿಷಯವನ್ನು ವಾಚಕರ ಮುಂದಿಡುತ್ತೇವೆ. ಮನೆಯೊಡೆಯರಿಗೂ ಬಾಡಿಗೆಯ ಮನೆಯಲ್ಲಿರುವವರಿಗೂ ಇದು ಸಮಾನವಾಗಿ ಸಂಬಂಧಿಸಿದ್ದಾಗಿದೆ.

ಮೂರು ಹೊಳೆಗಳ ನಾಡು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಜನರಿಗೆ ಘಟಪ್ರಭೆಯು ಅನ್ನವಿಕ್ಕುವ ತಾಯಿ. 1897ರಲ್ಲಿ ಮುಗಿದ ಧುಪದಾಳದ ಒಡ್ಡಿನಿಂದ ಕಾಲುವೆಯ ನೀರು ಹರಿದು ಹೊಲಗಳು ಹಸಿರಾದವು. 170 ಅಡಿ ಎತ್ತರದಿಂದ ಧುಮುಕುವ ಜಲಪಾತದ ಬದಿಯಲ್ಲಿ 1887ರಲ್ಲಿ ನೂಲಿನ ಗಿರಣಿಯು ಎದ್ದು ಎಷ್ಟೋ ಮನೆಗಳ ಒಲೆಯನ್ನು ಉರಿಸಿತು. ಆದರೆ ಉಪಕಾರ ಮಾಡುವ ನದಿಯೇ ಮಳೆಗಾಲದಲ್ಲಿ ಮುನಿಯುವದೂ ಉಂಟು. ಅದರ ಕಾರಣವನ್ನು ತಿಳಿದುಕೊಳ್ಳುವದು ಒಳ್ಳೆಯದು.

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. ಸುಮಾರು 51 ಟಿ.ಎಂ.ಸಿ. ನೀರನ್ನು ಅದು ಹಿಡಿಯಬಲ್ಲದು. ಇಷ್ಟು ದೊಡ್ಡ ಕಟ್ಟೆಯಿರುವಾಗ ಭಯವೇಕೆ ಎಂದು ಕೆಲವರು ಕೇಳುತ್ತಾರೆ. ಮೊದಲನೆಯದಾಗಿ, ತುಂಬಿದ ಕಟ್ಟೆಯು ಒಳಬರುವ ನೀರನ್ನು ಹೊರಗೆ ಬಿಡಲೇಬೇಕು. ಎರಡನೆಯದಾಗಿ, ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿಯು ಹಿಡಕಲ್ಲಿನ ಕೆಳಗೆ ಘಟಪ್ರಭೆಯನ್ನು ಕೂಡುತ್ತದೆ. ಅದಕ್ಕೂ ಮುಂದೆ ಗೋಕಾಕದ ಹತ್ತಿರ ಮಾರ್ಕಂಡೇಯ ನದಿಯು ಬಂದು ಸೇರುತ್ತದೆ. ಹೀಗೆ ಗೋಕಾಕದ ಊರು ಮೂರು ಹೊಳೆಗಳ ನೀರನ್ನು ಒಮ್ಮೆಲೇ ನೋಡಬೇಕಾಗುತ್ತದೆ. ಈ ನದಿಗಳ ಮೂಲವು ಪಡುವಣ ಘಟ್ಟದ ಸೀಮೆಯಲ್ಲಿರುವದರಿಂದ, ನಮ್ಮ ಅಂಗಳದಲ್ಲಿ ಬಿಸಿಲು ಬಿದ್ದಿದ್ದರೂ ಹೊಳೆಯು ಏರುತ್ತಿರಬಹುದು. ಮಳೆಯಿಲ್ಲವೆಂದು ನಿಶ್ಚಿಂತೆಯಿಂದ ಮಲಗುವದು ಈ ಸೀಮೆಯಲ್ಲಿ ಸಲ್ಲದು.

2019ನೆಯ ಇಸವಿಯ ಆಗಸ್ಟ ತಿಂಗಳಿನಲ್ಲಿ ನಡೆದುದನ್ನು ಇಲ್ಲಿಯ ಜನರು ಮರೆತಿರಲಾರರು. ಲೋಳಸೂರಿನ ಸೇತುವೆಯು ನೀರಿನಲ್ಲಿ ಮುಳುಗಿತು. ಗೋಕಾಕದ ತಗ್ಗಿನ ಗಲ್ಲಿಗಳಲ್ಲಿ ಮನೆಗಳೂ ಅಂಗಡಿಗಳೂ ಜಲಮಯವಾದವು. ಕೆಳಗಡೆ ಮೂಡಲಗಿ ತಾಲೂಕಿನ ನದೀತೀರದ ಹಳ್ಳಿಗಳ ಜನರು ದನಕರುಗಳೊಡನೆ ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. ನೂರು ವರುಷಕ್ಕೊಮ್ಮೆ ಬರುವ ವಿಪತ್ತು ಇದು, ಇನ್ನು ಬಾರದು ಎಂದು ಸಮಾಧಾನ ಮಾಡಿಕೊಂಡವರಿದ್ದರು. ಆದರೆ 2021ರ ಜುಲೈ ತಿಂಗಳಿನಲ್ಲಿ ಹೊಳೆಯು ಮತ್ತೆ ಊರನ್ನು ಹೊಕ್ಕಿತು; 2024ರ ಜುಲೈ ತಿಂಗಳಿನಲ್ಲಿ ಲೋಳಸೂರಿನ ಸೇತುವೆಯು ಮತ್ತೊಮ್ಮೆ ಮುಳುಗಿತು. ಆರು ಮಳೆಗಾಲಗಳಲ್ಲಿ ಮೂರು ಸಲ ಬಂದುದನ್ನು ಅಪರೂಪದ ಅತಿಥಿಯೆಂದು ಕರೆಯಲಾಗದು.

ಸರಕಾರದ ಪರಿಹಾರವಿರುವಾಗ ವಿಮೆಯೇಕೆ?

ಇದು ಸಹಜವಾದ ಪ್ರಶ್ನೆ. ಸರಕಾರವು ಕೊಡುವದಿಲ್ಲವೆಂದು ನಾವು ಹೇಳುವದಿಲ್ಲ. 2019ರಲ್ಲಿ ನೀರು ಹೊಕ್ಕ ಕುಟುಂಬಗಳಿಗೆ ತುರ್ತು ನೆರವಾಗಿ 10,000 ರೂಪಾಯಿಗಳನ್ನೂ, ಪೂರ್ಣವಾಗಿ ಬಿದ್ದ ಮನೆಗಳಿಗೆ 5 ಲಕ್ಷ ರೂಪಾಯಿಗಳನ್ನೂ ಕರ್ನಾಟಕ ಸರಕಾರವು ಗೊತ್ತುಮಾಡಿತು. ಆದರೆ ಅದೇ ಕಾಲದಲ್ಲಿ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಬಯಲುಸೀಮೆಯ ಪೂರ್ಣ ನಷ್ಟದ ಮನೆಗೆ ಗೊತ್ತಾಗಿದ್ದ ಮೊತ್ತವು 95,100 ರೂಪಾಯಿಗಳಾಗಿತ್ತು. 2022ರ ನಂತರದ ನಿಯಮದಲ್ಲಿ ಅದು 1,20,000 ರೂಪಾಯಿಗಳಾಯಿತು. ಅಂದರೆ ನಿಯಮದಲ್ಲಿರುವದು ಒಂದು, ಒಂದು ವರ್ಷ ಸರಕಾರವು ಉದಾರವಾಗಿ ಕೊಟ್ಟದ್ದು ಇನ್ನೊಂದು. ಮುಂದಿನ ಸಲ ಯಾವುದು ದೊರೆಯುವದೆಂದು ಯಾರೂ ಮುಂಚಿತವಾಗಿ ಹೇಳಲಾರರು.

ಇನ್ನೊಂದು ಸಂಗತಿಯನ್ನೂ ಲಕ್ಷ್ಯದಲ್ಲಿಡಬೇಕು. ಇಂಥ ಪರಿಹಾರದ ದೊಡ್ಡ ಮೊತ್ತವು ಬಿದ್ದ ಗೋಡೆಗಾಗಿ ಇರುತ್ತದೆ. ಗೋಡೆ ನಿಂತು ಒಳಗಿನ ಕಪಾಟು, ಹಾಸಿಗೆ, ಹೊಲಿಗೆಯಂತ್ರ, ತಂಪುಪೆಟ್ಟಿಗೆ, ಮಕ್ಕಳ ಪುಸ್ತಕ, ವರ್ಷದ ಜೋಳ ಎಲ್ಲವೂ ಕೆಸರಾಗಿ ಹೋದರೆ, ಆ ನಷ್ಟಕ್ಕೆ ತುರ್ತು ನೆರವಿನ ಸಣ್ಣ ಮೊತ್ತವು ಎಲ್ಲಿಗೆ ಸಾಕು? ಬಾಡಿಗೆದಾರನ ಕಷ್ಟವು ಇದಕ್ಕೂ ಹೆಚ್ಚಿನದು. ಗೋಡೆಯು ಅವನದಲ್ಲ, ಆದಕಾರಣ ಗೋಡೆಯ ಪರಿಹಾರವೂ ಅವನದಲ್ಲ. ಸರಕಾರದ ನೆರವು ಅನುಗ್ರಹ, ವಿಮೆಯಾದರೋ ಕರಾರು. ಕರಾರಿನ ಹಣವನ್ನು ಹಕ್ಕಿನಿಂದ ಕೇಳಬಹುದು. ಒಂದನ್ನು ಪಡೆದವನು ಇನ್ನೊಂದಕ್ಕೆ ಕಾಯುವ ಅಗತ್ಯವಿಲ್ಲ.

ವಿಮೆಯೆಂದರೇನು?

ನಮ್ಮ ಕಡೆಯಲ್ಲಿ ವಿಮೆ ಎಂದೊಡನೆ ಜೀವವಿಮೆಯೇ ನೆನಪಿಗೆ ಬರುವದು. ಮನೆಯ ವಿಮೆಯು ಬೇರೊಂದು ಬಗೆಯದು. ಹಪ್ತೆ ಹಪ್ತೆಯಾಗಿ ಕಟ್ಟಿದ ಹಣವು ಕೊನೆಗೆ ಬಡ್ಡಿಯೊಡನೆ ಮರಳಿ ಬರುವದೆಂಬ ಆಶೆಯನ್ನು ಇಲ್ಲಿ ಇಟ್ಟುಕೊಳ್ಳಕೂಡದು. ಭಿಶಿಯಲ್ಲಿ ಹತ್ತು ಮನೆಗಳವರು ಹಣ ಹಾಕಿ ಒಬ್ಬೊಬ್ಬರು ಸರದಿಯಂತೆ ಎತ್ತಿಕೊಳ್ಳುತ್ತಾರೆ. ವಿಮೆಯಲ್ಲಿ ಸಾವಿರಾರು ಮನೆಗಳವರು ಸ್ವಲ್ಪ ಸ್ವಲ್ಪ ಹಾಕುತ್ತಾರೆ. ವಿಪತ್ತು ಯಾರ ಮನೆಗೆ ಬಂದಿತೋ ಅವರು ಮಾತ್ರ ಎತ್ತಿಕೊಳ್ಳುತ್ತಾರೆ. ಉಳಿದವರ ಹಣವು ವ್ಯರ್ಥವಾಯಿತೆನ್ನಬಾರದು. ಒಂದು ವರ್ಷ ನಿಶ್ಚಿಂತೆಯಿಂದ ಮಲಗಿದ ಬೆಲೆ ಅದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ದೂರ ಮಾಡಬೇಕಾಗಿದೆ. ಅಮೇರಿಕೆಯಲ್ಲಿ ಸಾಧಾರಣ ಮನೆವಿಮೆಯಲ್ಲಿ ಮಹಾಪೂರವು ಸೇರುವದಿಲ್ಲ. 1968ರಲ್ಲಿ ಅಲ್ಲಿಯ ಸರಕಾರವು ಅದಕ್ಕಾಗಿಯೇ ಬೇರೆ ವಿಮೆಯ ಏರ್ಪಾಡನ್ನು ಮಾಡಿತು. ಆ ದೇಶದಲ್ಲಿರುವ ಮಕ್ಕಳ ಮಾತನ್ನು ಕೇಳಿ, ಇಲ್ಲಿಯೂ ಹಾಗೆಯೇ ಇರಬೇಕೆಂದು ಹಿರಿಯರು ತಿಳಿಯುವದುಂಟು. ನಮ್ಮ ದೇಶದಲ್ಲಿ ಹಾಗಲ್ಲ. ಬೆಂಕಿಯ ವಿಮೆಯೆಂದು ಹಿಂದಿನಿಂದ ಕರೆಯಿಸಿಕೊಳ್ಳುವ ಪಾಲಿಸಿಯ ಒಳಗೇ ಬಿರುಗಾಳಿಯೂ ಮಹಾಪೂರವೂ ಸೇರಿಕೊಳ್ಳುತ್ತವೆ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಮನೆಗಳಿಗಾಗಿ ‘ಭಾರತ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಇದರ ಮುಖ್ಯ ಕರಾರುಗಳು ಎಲ್ಲ ಕಂಪನಿಗಳಲ್ಲಿಯೂ ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಮಹಾಪೂರ, ನೀರು ನಿಂತು ಆಗುವ ಹಾನಿ, ಗುಡ್ಡದ ಕುಸಿತ, ಬಂಡೆಯ ಉರುಳುವಿಕೆ, ದಂಗೆ ಮೊದಲಾದವು ಇದರಲ್ಲಿ ಅಡಕವಾಗಿವೆ. 2019ರ ಅಕ್ಟೋಬರಿನಲ್ಲಿ ಮಲ್ಲಿಕಾರ್ಜುನ ಗುಡ್ಡದ ಬಂಡೆಗಳು ಜಾರಿ ಕೆಳಗಿನ ವಸತಿಗೆ ಭಯವನ್ನುಂಟುಮಾಡಿದುದನ್ನು ಕಂಡ ಗೋಕಾಕದ ಜನರಿಗೆ ‘ಬಂಡೆ’ ಎಂಬ ಶಬ್ದದ ಬೆಲೆಯು ತಿಳಿದೇ ಇದೆ. ವಿಪತ್ತಿನ ನಂತರ ಏಳು ದಿನಗಳೊಳಗೆ ಮನೆಯಲ್ಲಿ ಕಳವಾದರೆ ಅದಕ್ಕೂ ಇದು ಅನ್ವಯಿಸುತ್ತದೆ. ಜನರು ಬೀಗ ಹಾಕಿ ಗಂಜಿಕೇಂದ್ರದಲ್ಲಿರುವಾಗ ಈ ಕರಾರಿನ ಮಹತ್ವವು ತಿಳಿಯುವದು.

ಮೊತ್ತವನ್ನು ಗೊತ್ತುಮಾಡುವ ಬಗೆ

ಮನೆಯನ್ನು ಎಷ್ಟಕ್ಕೆ ವಿಮೆ ಮಾಡಿಸಬೇಕು? ಮಾರಿದರೆ ಬರುವ ಬೆಲೆಗೆ ಅಲ್ಲ. ಆ ಬೆಲೆಯಲ್ಲಿ ಜಾಗದ ಬೆಲೆಯೂ ಸೇರಿರುತ್ತದೆ. ಹೊಳೆಯು ಗೋಡೆಯನ್ನು ಒಯ್ದರೂ ಜಾಗವು ಅಲ್ಲಿಯೇ ಉಳಿಯುವದರಿಂದ ಜಾಗಕ್ಕೆ ವಿಮೆಯಿಲ್ಲ. ಅದೇ ಮನೆಯನ್ನು ಇಂದು ಮರಳಿ ಕಟ್ಟಲು ತಗಲುವ ವೆಚ್ಚವೇ ಸರಿಯಾದ ಮೊತ್ತ. ಒಂದು ಉದಾಹರಣೆಯನ್ನು ನೋಡೋಣ. ಮನೆಯ ಒಳಗಿನ ಬಳಕೆಯ ವಿಸ್ತಾರವು 80 ಚದರ ಮೀಟರು ಇರಲಿ. ಕಟ್ಟುವ ವೆಚ್ಚವು ಚದರ ಮೀಟರಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಆಗ ಕಟ್ಟಡದ ವಿಮೆಯ ಮೊತ್ತವು 16 ಲಕ್ಷ ರೂಪಾಯಿ. ಕಟ್ಟಡವನ್ನೂ ಸಾಮಾನನ್ನೂ ಕೂಡಿಯೇ ವಿಮೆ ಮಾಡಿಸಿದರೆ, ಕಟ್ಟಡದ ಮೊತ್ತದ ನೂರಕ್ಕೆ 20ರಷ್ಟು, 10 ಲಕ್ಷ ರೂಪಾಯಿಗಳ ಮಿತಿಯೊಳಗೆ, ಮನೆಯ ಸಾಮಾನಿಗೆ ತಾನಾಗಿಯೇ ದೊರೆಯುತ್ತದೆ. ಈ ಉದಾಹರಣೆಯಲ್ಲಿ ಅದು 3 ಲಕ್ಷ 20 ಸಾವಿರ ರೂಪಾಯಿ. ಸಾಮಾನು ಅದಕ್ಕಿಂತ ಹೆಚ್ಚಿನದಿದ್ದರೆ ಪಟ್ಟಿಮಾಡಿ ಹೆಚ್ಚಿನ ಮೊತ್ತಕ್ಕೆ ಬರೆಯಿಸಬಹುದು. ಬಂಗಾರದ ಆಭರಣ, ಬೆಳ್ಳಿಯ ಪಾತ್ರೆಗಳು ಸಾಧಾರಣ ಸಾಮಾನಿನಲ್ಲಿ ಸೇರುವದಿಲ್ಲ; ಅವುಗಳ ಬೆಲೆಯನ್ನು ಬೇರೆಯಾಗಿ ಒಪ್ಪಿಸಿ ಸೇರಿಸಬೇಕು.

ಮನೆಯು ಇರಲು ಯೋಗ್ಯವಿಲ್ಲದಂತಾದಾಗ ಬೇರೆ ಕಡೆ ಬಾಡಿಗೆಗೆ ಇರುವ ವೆಚ್ಚ, ಬಾಡಿಗೆಗೆ ಕೊಟ್ಟ ಮನೆಯಾಗಿದ್ದರೆ ತಪ್ಪಿದ ಬಾಡಿಗೆ, ಬಿದ್ದ ಮಣ್ಣುಕಲ್ಲುಗಳನ್ನು ತೆಗೆಯಿಸುವ ಖರ್ಚು, ಇವುಗಳಿಗೂ ಈ ಪಾಲಿಸಿಯಲ್ಲಿ ಗೊತ್ತಾದ ಮಿತಿಯೊಳಗೆ ಅವಕಾಶವಿದೆ. ಪಾಲಿಸಿಯನ್ನು ಒಂದು ವರ್ಷಕ್ಕಲ್ಲದೆ ಹತ್ತು ವರ್ಷಗಳವರೆಗೂ ಒಮ್ಮೆಲೇ ತೆಗೆದುಕೊಳ್ಳಬಹುದು. ಪ್ರತಿ ಬೇಸಿಗೆಯಲ್ಲಿ ನವೀಕರಿಸಲು ಮರೆಯುವ ಸ್ವಭಾವದವರಿಗೆ ಇದು ಅನುಕೂಲ.

ಪ್ರೀಮಿಯಂ ಎಂದು ಕರೆಯುವ ವಾರ್ಷಿಕ ಕಂತು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವದು. ಕರಾರು ಒಂದೇ ಇರುವದರಿಂದ ಎರಡು ಮೂರು ಕಡೆ ದರವನ್ನು ವಿಚಾರಿಸಿ ನೋಡುವದರಲ್ಲಿ ಸಂಕೋಚ ಬೇಡ. ಅರ್ಜಿಯಲ್ಲಿ ಮಾತ್ರ ಎಲ್ಲವನ್ನೂ ನಿಜವಾಗಿ ಬರೆಯಬೇಕು. ಗೋಡೆಯು ಯಾವುದರದು, ಮಾಳಿಗೆಯೋ ಹಂಚೋ ತಗಡೋ, ಹಿಂದೆ ನೀರು ಹೊಕ್ಕಿತ್ತೋ ಇಲ್ಲವೋ ಎಂದು ಕೇಳಿದಾಗ ಮುಚ್ಚಿಟ್ಟರೆ ಆ ಸುಳ್ಳೇ ಮುಂದೆ ಹಣಕ್ಕೆ ಅಡ್ಡಬರುವದು. ಏಜೆಂಟನು ತುಂಬಿದ ಅರ್ಜಿಗೆ ಓದದೆ ಸಹಿ ಹಾಕುವ ರೂಢಿಯನ್ನು ಬಿಡಬೇಕು.

ಬಾಡಿಗೆದಾರರಿಗೆ ಎರಡು ಮಾತು

‘ಮನೆಯು ನಮ್ಮದಲ್ಲ, ನಮಗೇಕೆ ವಿಮೆ?’ ಎಂದು ಬಾಡಿಗೆದಾರರು ಹೇಳುವದನ್ನು ನಾವು ಬಲ್ಲೆವು. ಮನೆಯೊಡೆಯನು ವಿಮೆ ಮಾಡಿಸಿದ್ದರೂ ಅದು ಅವನ ಕಟ್ಟಡಕ್ಕೆ. ಬಾಡಿಗೆದಾರನ ಸಾಮಾನಿಗೆ ಅದರಿಂದ ಕವಡೆಯೂ ಬರುವದಿಲ್ಲ. ಆದರೆ ಬಾಡಿಗೆದಾರನು ಕಟ್ಟಡವನ್ನು ಬಿಟ್ಟು ತನ್ನ ಸಾಮಾನಿಗೆ ಮಾತ್ರ ಪಾಲಿಸಿಯನ್ನು ತೆಗೆದುಕೊಳ್ಳಬಹುದೆಂಬುದು ಬಹುಜನರಿಗೆ ಗೊತ್ತಿಲ್ಲ. ಕಟ್ಟಡವಿಲ್ಲದ್ದರಿಂದ ಕಂತೂ ಕಡಿಮೆ. ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕಿನ ನೌಕರರು, ಗಿರಣಿಯ ಕೆಲಸಗಾರರು ಕೆಳಗಿನ ಅಂತಸ್ತಿನಲ್ಲಿ ವಾಸವಾಗಿದ್ದರೆ ಇದನ್ನು ಅವಶ್ಯವಾಗಿ ವಿಚಾರಿಸಬೇಕು. ಬಾಡಿಗೆಯ ಕರಾರುಪತ್ರದಲ್ಲಿ ಒಂದು ಸಾಲನ್ನು ಸೇರಿಸುವದೂ ಹಿತಕರ: ಮಹಾಪೂರದಿಂದ ಮನೆಯು ವಾಸಕ್ಕೆ ಯೋಗ್ಯವಿಲ್ಲದಂತಾದ ಕಾಲದ ಬಾಡಿಗೆಯು ಯಾರ ತಲೆಯ ಮೇಲೆ, ಠೇವಣಿಯು ಎಂದು ಮರಳಬೇಕು ಎಂಬುದನ್ನು ಬಿಸಿಲಿರುವಾಗಲೇ ಬರೆದಿಟ್ಟರೆ ಮಳೆಯಲ್ಲಿ ಮನಸ್ತಾಪವಾಗುವದಿಲ್ಲ.

ಅಂಗಡಿಕಾರರಿಗೆ

ಕಿರಾಣಿ, ಬಟ್ಟೆ, ಕರದಂಟಿನ ಅಂಗಡಿಗಳವರಿಗೆ, ಕಟ್ಟಿಗೆಯ ಗೊಂಬೆ ಮಾಡುವ ಕುಶಲಕರ್ಮಿಗಳಿಗೆ ಮನೆಯ ಪಾಲಿಸಿಯು ಸಾಲದು. ಐದು ಕೋಟಿ ರೂಪಾಯಿಗಳವರೆಗಿನ ಸ್ವತ್ತುಳ್ಳ ಸಣ್ಣ ಉದ್ಯಮಗಳಿಗೆ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿಯು ಬೇರೆಯಾಗಿದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಾಲಿನ ಬೆಲೆಯನ್ನು ಕಡಿಮೆ ತೋರಿಸಿ ಕಂತನ್ನು ಉಳಿಸುವ ಜಾಣತನವು ಅಪಾಯಕರ. 20 ಲಕ್ಷದ ಮಾಲನ್ನು 10 ಲಕ್ಷಕ್ಕೆ ವಿಮೆ ಮಾಡಿಸಿದವನಿಗೆ 4 ಲಕ್ಷದ ನಷ್ಟವಾದರೆ, ಪೂರ್ಣ 4 ಲಕ್ಷವು ದೊರೆಯುವದಿಲ್ಲ. ಅರ್ಧ ಬೆಲೆಗೆ ವಿಮೆ ಮಾಡಿಸಿದ್ದರಿಂದ ನಷ್ಟದ ಅರ್ಧವೇ, ಅಂದರೆ 2 ಲಕ್ಷವೇ ಅವನ ಪಾಲು. ಈ ಪಾಲಿಸಿಯಲ್ಲಿ ನೂರಕ್ಕೆ 15ರವರೆಗಿನ ಕೊರತೆಯನ್ನು ಮಾತ್ರ ಮನ್ನಿಸಲಾಗುವದು. ಮನೆಯ ಪಾಲಿಸಿಯಲ್ಲಿ ಈ ಕಡಿತದ ನಿಯಮವಿಲ್ಲವೆಂಬುದು ಸಂತೋಷದ ಸಂಗತಿ. ಆದರೂ ಬರೆಯಿಸಿದ ಮೊತ್ತಕ್ಕಿಂತ ಹೆಚ್ಚು ಅಲ್ಲಿಯೂ ಬರುವದಿಲ್ಲ.

ದೊಡ್ಡ ಗೋದಾಮುಗಳ ಬೆಂಕಿ ವಿಮೆಯಲ್ಲಿ ಕಂತನ್ನು ಇಳಿಸಲು ಬಿರುಗಾಳಿ ಮತ್ತು ಮಹಾಪೂರದ ಭಾಗವನ್ನೇ ಕೈಬಿಡುವ ರೂಢಿಯೊಂದುಂಟು. ಹೊಳೆಯ ದಂಡೆಯಲ್ಲಿ ಇಂಥ ಉಳಿತಾಯವು ಛತ್ರಿಯನ್ನು ಮಾರಿ ಕೋಲನ್ನು ಉಳಿಸಿಕೊಂಡಂತೆ. ಹಳೆಯ ಪಾಲಿಸಿಗಳಿದ್ದವರು ಆ ಭಾಗವು ಇದೆಯೋ ಇಲ್ಲವೋ ಎಂದು ಇಂದೇ ತೆಗೆದು ನೋಡತಕ್ಕದ್ದು.

ಯಾವುದು ದೊರೆಯುವದಿಲ್ಲ?

ಪಾಲಿಸಿಯಲ್ಲಿ ಕೊಡುವ ಮಾತುಗಳಷ್ಟೇ ಕೊಡದ ಮಾತುಗಳನ್ನೂ ಓದಬೇಕು. ನಗದು ಹಣ, ನೋಟು, ಚೆಕ್ಕು, ಆಸ್ತಿಪತ್ರ, ಗಟ್ಟಿ ಬಂಗಾರ, ವಾಹನ ಇವುಗಳಿಗೆ ಮನೆಯ ವಿಮೆಯು ಅನ್ವಯಿಸುವದಿಲ್ಲ. ಹೊಳೆಯು ವರ್ಷ ವರ್ಷ ದಂಡೆಯನ್ನು ಕೊರೆದು ನೆಲವು ಜಾರಿದರೆ ಆ ಸವೆತವೂ, ಹಳತಾಗಿ ಬಿರುಕುಬಿಟ್ಟ ಗೋಡೆಯೂ ಸೇರುವದಿಲ್ಲ. ಬೆಳೆಗೂ ದನಕರುಗಳಿಗೂ ಬೇರೆ ವಿಮೆಗಳಿವೆ. ವಾಹನಕ್ಕೆ ಪೂರ್ಣ ವಿಮೆಯಿದ್ದರೆ ಮಾತ್ರ ನೆರೆಯ ಹಾನಿಯು ಅದರಲ್ಲಿ ಬರುವದು. ಕಾಯಿದೆಗಾಗಿ ಮಾಡಿಸಿದ ‘ಮೂರನೆಯವರ’ ವಿಮೆಯಲ್ಲಿ ಬರುವದಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ಆತುರದಿಂದ ಚಾಲು ಮಾಡಿ ಎಂಜಿನು ಕೆಟ್ಟರೆ ಕಂಪನಿಗಳು ತಕರಾರು ಮಾಡುತ್ತವೆ. ಗಾಡಿಯನ್ನು ಎಳೆಯಿಸಿಕೊಂಡು ಹೋಗುವದೇ ಸರಿ.

ಬ್ಯಾಂಕಿನಿಂದ ಸಾಲ ತೆಗೆದು ಮನೆ ಕಟ್ಟಿಸಿದವರು ‘ಬ್ಯಾಂಕು ವಿಮೆ ಮಾಡಿಸಿದೆ’ ಎಂದು ಸುಮ್ಮನಿರುವದುಂಟು. ಕೆಲವು ಸಲ ಅದು ಸಾಲಗಾರನ ಜೀವದ ವಿಮೆಯಾಗಿರುತ್ತದೆ. ಕೆಲವು ಸಲ ಸಾಲದ ಮೊತ್ತಕ್ಕೆ ಮಾತ್ರ ಕಟ್ಟಡದ ವಿಮೆಯಿರುತ್ತದೆ. ಪಾಲಿಸಿಯ ಪ್ರತಿಯನ್ನು ಕೇಳಿ ಪಡೆದು, ಅವಧಿ ಮುಗಿದಿದೆಯೋ ಎಂಬುದನ್ನೂ ನೋಡಿಕೊಳ್ಳಬೇಕು.

ಕಾಲವನ್ನು ತಪ್ಪಿಸಬಾರದು

ಕಂತಿನ ಹಣವು ಮುಂಚಿತವಾಗಿ ಸಂದಾಯವಾಗದ ಹೊರತು ವಿಮೆಯು ಆರಂಭವಾಗುವದಿಲ್ಲವೆಂದು 1938ರ ವಿಮಾ ಕಾಯಿದೆಯ 64ವಿಬಿ ಕಲಮು ಹೇಳುತ್ತದೆ. ಹಿಡಕಲ್ಲಿನ ಬಾಗಿಲುಗಳು ತೆರೆದ ಸುದ್ದಿಯನ್ನು ಕೇಳಿ ವಿಮಾ ಕಚೇರಿಗೆ ಓಡುವದರಿಂದ ಪ್ರಯೋಜನವಿಲ್ಲ. ಕಾರಹುಣ್ಣಿಮೆಯ ಮೊದಲೇ ಈ ಕೆಲಸವನ್ನು ಮುಗಿಸಿರಬೇಕು. ಅದೇ ದಿನ ಮನೆಯ ಪ್ರತಿಯೊಂದು ಕೋಣೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟು, ಬೆಲೆಬಾಳುವ ವಸ್ತುಗಳ ಪಟ್ಟಿಯನ್ನು ಮಾಡಿ, ಪಾಲಿಸಿ, ಉತಾರ, ರಸೀದಿಗಳ ಪ್ರತಿಗಳನ್ನು ಎತ್ತರದ ಊರಿನಲ್ಲಿರುವ ಬಂಧುಗಳೊಬ್ಬರ ಹತ್ತಿರ ಇರಿಸಬೇಕು. ನೀರಿನಲ್ಲಿ ತೊಯ್ದ ಪಾಲಿಸಿಯನ್ನು ಒಣಗಿಸುತ್ತ ಕೂಡ್ರುವ ಪ್ರಸಂಗವು ಯಾರಿಗೂ ಬಾರದಿರಲಿ.

ನೀರು ಇಳಿದ ಮೇಲೆ ಮೊದಲು ಜೀವ, ಆಮೇಲೆ ಲೆಕ್ಕ. ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸಿ ಪರೀಕ್ಷೆ ಮಾಡಿಸುವವರೆಗೆ ಏನನ್ನೂ ಮುಟ್ಟಬಾರದು. ಅನಂತರ ತಡಮಾಡದೆ ಕಂಪನಿಗೆ ಸುದ್ದಿ ಮುಟ್ಟಿಸಿ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಗೋಡೆಯ ಮೇಲಿನ ನೀರಿನ ಗುರುತನ್ನು ತೊಳೆಯುವ ಮೊದಲು ಚಿತ್ರ ತೆಗೆಯಬೇಕು. ಅದಕ್ಕಿಂತ ಬಲವಾದ ಸಾಕ್ಷಿ ಬೇರೊಂದಿಲ್ಲ. ಹಾಳಾದ ಸಾಮಾನನ್ನು ಕಂಪನಿಯ ಸರ್ವೇಯರರು ಬಂದು ನೋಡುವವರೆಗೆ ಇಟ್ಟುಕೊಳ್ಳಬೇಕು. ಕೊಳೆತ ಧಾನ್ಯ, ಹಾಸಿಗೆಗಳನ್ನು ಆರೋಗ್ಯಕ್ಕಾಗಿ ಹೊರಗೆ ಹಾಕಲೇಬೇಕಾದರೆ ಚಿತ್ರವನ್ನೂ ಎಣಿಕೆಯನ್ನೂ ಇಟ್ಟುಕೊಂಡು ಕಂಪನಿಗೆ ತಿಳಿಸಿ ಹಾಕಬೇಕು. ಕಂದಾಯ ಇಲಾಖೆಯವರು ಮಾಡುವ ಪಂಚನಾಮೆಯ ಪ್ರತಿಯನ್ನು ಪಡೆದಿಟ್ಟರೆ ಸರಕಾರದ ಪರಿಹಾರಕ್ಕೂ ವಿಮೆಗೂ ಉಪಯೋಗವಾಗುವದು.

ಕಂಪನಿಯು ನಿರಾಕರಿಸಿದರೆ ಅಥವಾ ಕಡಿಮೆ ಕೊಟ್ಟರೆ, ಕಾರಣವನ್ನು ಬರಹದಲ್ಲಿ ಕೇಳಬೇಕು. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರವು ಬಾರದಿದ್ದರೆ, ಇಲ್ಲವೆ ಬಂದ ಉತ್ತರವು ತೃಪ್ತಿಕರವಾಗಿರದಿದ್ದರೆ, ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಬರೆದುಕೊಳ್ಳಬಹುದು. ಕರ್ನಾಟಕದ ಲೋಕಪಾಲರ ಕಚೇರಿಯು ಬೆಂಗಳೂರಿನಲ್ಲಿದೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿಗಳವರೆಗಿನ ದಾವೆಗಳನ್ನು ಅವರು ವಿಚಾರಿಸುತ್ತಾರೆ. ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ. ‘ದೊಡ್ಡ ಕಂಪನಿಯೊಡನೆ ನಾವೇನು ಗೆಲ್ಲುವೆವು’ ಎಂದು ಕೈಕಟ್ಟಿ ಕೂಡ್ರಬೇಕಾಗಿಲ್ಲ.

ಕೊನೆಯ ಮಾತು

ವಿಮೆಯು ಹೊಳೆಯನ್ನು ತಡೆಯಲಾರದು. ತಗ್ಗಿನ ಜಾಗದಲ್ಲಿ ಹೊಸ ಮನೆ ಕಟ್ಟದಿರುವದು, ಅಡಿಪಾಯವನ್ನು ಎತ್ತರಿಸುವದು, ಧಾನ್ಯವನ್ನು ಅಟ್ಟಕ್ಕೆ ಏರಿಸುವದು, ಹಳ್ಳದ ದಾರಿಯನ್ನು ಒತ್ತುವರಿ ಮಾಡದಿರುವದು, ಇವು ವಿಮೆಗಿಂತ ಮೊದಲಿನ ಕರ್ತವ್ಯಗಳು. ಅವೆಲ್ಲವನ್ನು ಮಾಡಿದ ಮೇಲೆಯೂ ಉಳಿಯುವ ಅಪಾಯಕ್ಕೆ ವಿಮೆಯು ಊರುಗೋಲು. ಹುಕ್ಕೇರಿಯ ಜನರು ಒಂದುಗೂಡಿ 1969ರಲ್ಲಿ ವಿದ್ಯುತ್ತಿಗಾಗಿಯೇ ಸಹಕಾರಿ ಸಂಘವನ್ನು ಕಟ್ಟಿಕೊಂಡ ಸೀಮೆಯಿದು. ಒಬ್ಬನ ಕತ್ತಲೆಯನ್ನು ಹತ್ತು ಜನರು ಕೂಡಿ ಕಳೆಯಬಹುದೆಂಬುದನ್ನು ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಊರಿನ ಸಹಕಾರಿ ಸಂಘಗಳೂ ಮಹಿಳಾ ಸಂಘಗಳೂ ಬೇಸಿಗೆಯಲ್ಲಿ ಒಂದು ದಿನ ವಿಮಾ ಕಚೇರಿಯವರನ್ನು ಕರೆಯಿಸಿ, ಸದಸ್ಯರ ಎದುರಿನಲ್ಲಿ ಪಾಲಿಸಿಯನ್ನು ಕನ್ನಡದಲ್ಲಿ ಓದಿಸಿ ಅರ್ಥ ಹೇಳಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ವಾಚಕರು ಈ ಸಂಚಿಕೆಯನ್ನು ಕೆಳಗಿಡುವ ಮೊದಲು ಮನೆಯವರೆಲ್ಲರೂ ಕೂಡಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನಮ್ಮ ಮನೆಗೆ ವಿಮೆಯಿದೆಯೇ? ಅದರಲ್ಲಿ ಮಹಾಪೂರವು ಸೇರಿದೆಯೇ? ಅದರ ಕಾಗದವು ಎಲ್ಲಿದೆಯೆಂದು ಯಜಮಾನನ ಹೊರತು ಇನ್ನೊಬ್ಬರಿಗೂ ಗೊತ್ತಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದ ಮನೆಯವರು ಈ ಮಳೆಗಾಲದಲ್ಲಿ ಉಳಿದವರಿಗಿಂತ ಸ್ವಲ್ಪ ಹೆಚ್ಚು ನೆಮ್ಮದಿಯಿಂದ ಹೊಳೆಯ ಸಪ್ಪಳವನ್ನು ಕೇಳಬಲ್ಲರು.